ಐವತ್ತೇಳರ ಎಡಗಾಲು

ಜನವರಿ ೧೪, ೧೯೯೭

ಮತ್ತೆ ಎರಡು ವಿಡಿಯೋ ಕ್ಯಾಸೆಟ್ ಬಂದವು. ರಂಜಾನ್ — ಗಲ್ಫ್‌ನಲ್ಲಿ ಈ ತಿಂಗಳು ಆಫೀಸಿನ ಕ್ಯಾಂಟೀನ್ ಮುಚ್ಚಿದೆ. ಮಧ್ಯಾಹ್ನದ ಬಿಡುವೆಲ್ಲ ಮೀಟಿಂಗ್ ರೂಮಿನ ಟಿವಿ ಮುಂದೆ. ಇವತ್ತಿಗೆ ಹನ್ನೊಂದು ಮಂದಿ ಹುಡುಗರನ್ನು ನೋಡಿದಂತಾಯಿತು. ಎಲ್ಲ ಅಮೆರಿಕದ ಕಾಲೇಜಿನವರು; ಕೈಯಲ್ಲಿ ಆಡುವ ಅವರ ಫುಟ್‌ಬಾಲು.

ನಮ್ಮ ಮ್ಯಾನೇಜರ್ ಥಿಯೋಡೋರ್ ಸಾಹೇಬರ ಭಾವ ಅಲ್ಲಿ ದೊಡ್ಡ ಟೀಮೊಂದಕ್ಕೆ ಆಟಗಾರರನ್ನು ಹುಡುಕುವವನು. ಏಪ್ರಿಲ್‌ನಲ್ಲಿ ಡ್ರಾಫ್ಟ್. ಟೀಮುಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ದಿನ. ಅದಕ್ಕೆ ಮೊದಲು ಇನ್ನೊಂದು ಕಣ್ಣು ಬೇಕಂತೆ. ಆ ಕಣ್ಣು ನನ್ನದು.

ಅವರಿಗೆ ಬೇಕಾದ ಔಟ್‌ಸೈಡ್ ಲೈನ್‌ಬ್ಯಾಕರ್ ಅಂದರೆ ಕಬಡ್ಡಿಯ ಮೂಲೆಯವನೇ. ಅಂಚಿನಲ್ಲಿ ನಿಂತಿದ್ದು, ಚೆಂಡು ಎಸೆಯುವವನನ್ನು ಸುತ್ತಿ ಬಂದು ಕೆಡವಬೇಕು. ಗದಗಿನ ಕಾಲೇಜಿನಲ್ಲಿ ಮೂರು ವರ್ಷ ಎಡಮೂಲೆ ಕಾದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಐವತ್ತೇಳನೇ ನಂಬರಿನವನು ಎಲ್ಲರಿಗಿಂತ ಮೇಲು.

ಜನವರಿ ೨೧

ಭಾವನಿಗೆ ಕಳಿಸುವ ರಿಪೋರ್ಟ್ ಟೈಪ್ ಮಾಡುವ ಝೊಹರಾ ಮೇಡಂ ಸುಮ್ಮನೆ ಬಂದು ಕೂತರು. ಬಂಟ್ವಾಳದ ಕಡೆಯವರು. ಆಟದ ಗಂಧಗಾಳಿ ಇಲ್ಲ. ಟಿವಿಯಲ್ಲಿದ್ದ ಹುಡುಗನತ್ತ ಬೆರಳು ತೋರಿಸಿದರು.

"ಇವ ಮುಂದೆ ನುಗ್ಗುವ ಮೊದಲು ಬೆರಳು ಬಿಡಿಸ್ತಾನೆ ಅಲ್ವಾ? ನುಗ್ಗುದಿಲ್ಲ ಅಂದ್ರೆ ಮುಷ್ಟಿ."

ಸಾಹೇಬರು ನಾಲ್ಕು ಸಲ ರಿವೈಂಡ್ ಮಾಡಿದರು. ನಿಜ. "ಬ್ರಿಲಿಯಂಟ್, ಝೊಹರಾ!"

ನನಗೆ ಇಷ್ಟು ದಿನ 'ಗುಡ್' ಅಷ್ಟೆ.

ಫೆಬ್ರವರಿ ೩

ರಿಪೋರ್ಟಿನಲ್ಲಿ ಆಕೆಗೆ ಬೇರೆ ಕಾಲಂ. ಕ್ಯಾಸೆಟ್ ಬಂದರೆ ಮೊದಲ ಕೂಗು ಆಕೆಗೆ. ನನಗೆ — "ಬಸು, ಪರದೆ ಎಳಿ."

ರೂಮಿರುವ ಬಿನ್ ಮಹಮೂದ್ ಸೇರುವವರೆಗೂ ಬಸ್ಸಿನಲ್ಲಿ ಅದೇ ತಲೆಯಲ್ಲಿ. ಒಂದು ದಿನವೂ ಆಟದ ಅಂಗಳಕ್ಕೆ ಇಳಿದವಳಲ್ಲ…

ಫೆಬ್ರವರಿ ೧೮

ಸಾಹೇಬರು ಮೂರು ದಿನ ದೂರದ ರಾಸ್ ಲಫಾನ್ ಸೈಟಿನಲ್ಲಿ. ಭಾವನಿಗೆ ರಿಪೋರ್ಟ್ ನಾನೇ ಫ್ಯಾಕ್ಸ್ ಮಾಡಬೇಕು.

ಝೊಹರಾ ಟಿವಿ ನಿಲ್ಲಿಸಿದರು. "ಬಸವಲಿಂಗಣ್ಣ, ಈ ಐವತ್ತೇಳಕ್ಕೆ ಎಡಗಾಲು ನೋವುಂಟು. ಬಿದ್ದಾಗೆಲ್ಲ ಬಲಗಾಲು ಊರಿಯೇ ಏಳ್ತಾನೆ."

"ಅಂವ ಏಳೂದ ಹಂಗರೀ ಮೇಡಂ."

"ಅಲ್ಲ. ನಮ್ಮ ಬಾಪ ಲಾರಿ ಓಡಿಸ್ತಿದ್ರು. ಮೊಣಕಾಲು ಹೋದದ್ದನ್ನು ಎರಡು ವರ್ಷ ಮನೆಯವರಿಗೂ ಹೇಳ್ಲಿಲ್ಲ, ಕೆಲಸ ಹೋಗ್ತದಂತ. ಹೀಗೇ ಏಳ್ತಿದ್ರು."

ಆ ಎಡಗಾಲಿನ ಮಾತನ್ನೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟು ಎರಡಕ್ಕೆ ಮನೆಗೆ ಹೋದರು.

ಮತ್ತೆ ಕ್ಯಾಸೆಟ್ ಹಾಕಿದೆ. ಒಂಬತ್ತು ಸಲ ಬಿದ್ದ. ಒಂಬತ್ತು ಸಲವೂ ಬಲಗಾಲು.

ಆ ಸಾಲು ಅಳಿಸಿ, ಪ್ರಿಂಟ್ ತೆಗೆದು, ಫ್ಯಾಕ್ಸ್ ಮಾಡಿದೆ. ಹುಡುಗನ ಅನ್ನಕ್ಕೆ ಕಲ್ಲು ಹಾಕುವುದು ಬೇಡ ಅಂತ — ಇಲ್ಲ. ಈ ಡೈರಿಯಲ್ಲಾದರೂ ಸುಳ್ಳು ಯಾಕೆ? ಅವನನ್ನು ಕಂಡುಹಿಡಿದವನು ನಾನು. ಅವನೊಬ್ಬನಾದರೂ ನನ್ನವನಾಗಿರಲಿ ಅಂತ.

ಏಪ್ರಿಲ್ ೨೨

ಭಾವನ ಟೀಮು ಐವತ್ತೇಳನ್ನೇ ಆರಿಸಿತು! ಎರಡನೇ ಸುತ್ತಿನಲ್ಲೇ. ಸಾಹೇಬರು ಕೇಕ್ ತರಿಸಿದರು. "ಬಸು'ಸ್ ಬಾಯ್!" ಎಲ್ಲರೂ ಚಪ್ಪಾಳೆ ತಟ್ಟಿದರು.

ಝೊಹರಾ ತಮ್ಮ ತುಂಡನ್ನು ಟಿಶ್ಯೂನಲ್ಲಿ ಸುತ್ತಿಕೊಂಡರು. ಮಕ್ಕಳಿಗಂತೆ. ಆ ಸಾಲಿನ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮೇ ೧೧

ಮೊದಲ ವಾರದ ಅಭ್ಯಾಸದಲ್ಲೇ ಹುಡುಗ ಕುಸಿದನಂತೆ. ಎಡ ಮೊಣಕಾಲು. ಹಳೆಯ ಪೆಟ್ಟು, ಮುಚ್ಚಿಟ್ಟಿದ್ದನಂತೆ. ಈ ವರ್ಷ ಆಡುವಂತಿಲ್ಲ. ಅವನನ್ನೇ ಆರಿಸಿ ಎಂದು ಹಟ ಹಿಡಿದಿದ್ದ ಭಾವನಿಗೆ ಟೀಮಿನವರು ನೋಟಿಸ್ ಕೊಟ್ಟಿದ್ದಾರೆ.

ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಸಿಟ್ಟಿಲ್ಲ, ದಣಿದ ದನಿ. ಅಷ್ಟೊಂದು ನೋಡಿದಿರಿ, ಆ ಕಾಲು ಒಬ್ಬರಿಗೂ ಕಾಣಲಿಲ್ಲವೇ?

ಝೊಹರಾ ಅಂದರು: "ವಿ ಮಿಸ್ಡ್ ಇಟ್, ಸರ್."

'ನಾವು' ಅಂದರು. ನಾವು!

ಮೇ ೧೨

ಜೆರಾಕ್ಸ್ ಮೆಷಿನ್ ಹತ್ತಿರ ಕೇಳಿಯೇಬಿಟ್ಟೆ. "ಯಾಕ ಹಂಗ ಹೇಳಿದ್ರಿ?"

"ನಿಮ್ಮ ವೀಸಾ ಕಂಪನಿದು. ಊರಲ್ಲಿ ಅಮ್ಮ, ತಂಗಿ ಇದ್ದಾರೆ ಅಂತ ನೀವೇ ಹೇಳಿದ್ದು." ಕಾಗದ ಜೋಡಿಸುತ್ತಲೇ ಇದ್ದರು. "ನೀವು ಆ ಸಾಲು ಅಳಿಸಿದ್ದು ಆಗಲೇ ಗೊತ್ತಾಯ್ತು. ಮರುದಿನ ಫೈಲ್ ತೆರೆದೆ. ಸಾಹೇಬರಿಗೆ ಹೇಳ್ಬೇಕಿತ್ತು. ಆ ಹುಡುಗ… ಅವನಿಗೂ ಕೆಲಸ ಸಿಗ್ಲಿ ಅಂತ ಸುಮ್ಮನಾದೆ. ತಪ್ಪು ನಂದೂ ಉಂಟು."

ಅದಕ್ಕೂ ಹೊಟ್ಟೆ ಉರಿಯಿತು. ನಾನು ಹೇಳಿಕೊಳ್ಳಲಾರದೆ ಹೋದ ನೆಪ, ಆಕೆಯ ಬಾಯಲ್ಲಿ ನಿಜವಾಗಿತ್ತು.

ಮೇ ೧೩, ಬೆಳಿಗ್ಗೆ ೬

ಭಾವನಿಗೆ ಫ್ಯಾಕ್ಸ್. ಇಂದೇ, ಸಾಹೇಬರಿಗೆ ತೋರಿಸಿಯೇ. ಇಂಗ್ಲಿಷಿನಲ್ಲಿ ಬರುತ್ತಿಲ್ಲ. ಮೊದಲು ಇಲ್ಲಿ ಕನ್ನಡದಲ್ಲಿ.

ಮಾನ್ಯರೇ, ಐವತ್ತೇಳರ ಎಡಗಾಲು ಫೆಬ್ರವರಿ ೧೮ರಂದೇ ಕಂಡಿತ್ತು. ಕಂಡವರು ಶ್ರೀಮತಿ ಝೊಹರಾ. ಆ ಸಾಲನ್ನು ಅಳಿಸಿದವನು ನಾನು. ಕಾರಣ —