ನಿನ್ನ ಜಮಖಾನದ ಮೇಲಿನ ಗುರುತುಗಳು

ಪ್ರೀತಿಯ ಡೆಸ್ಮಂಡ್,

ಈ ಕಾಗದ ಹಾಕುವ ಧೈರ್ಯ ನನಗಿಲ್ಲ. ಆದರೂ ಹೇಳುತ್ತೇನೆ, ಕೇಳು. ಇವತ್ತು ಶೆಫೀಲ್ಡಿನಲ್ಲಿ ನಿನ್ನ ಬ್ಯಾಂಡಿನೊಂದಿಗೆ ನನ್ನ ಮೊದಲ ಕಾರ್ಯಕ್ರಮ. ಡ್ರಮ್ಮು ಜಾರದಿರಲೆಂದು ನೀನು ಹಾಸುತ್ತಿದ್ದ ಜಮಖಾನವನ್ನೇ ಹಾಸಿದ್ದಾರೆ. ಡ್ರಮ್ಮಿನ ಯಾವ ಕಾಲು ಎಲ್ಲಿ ಊರಬೇಕೆಂದು ನೀನು ಅಂಟಿಸಿದ ಬಿಳಿ ಟೇಪು ಹಾಗೇ ಇದೆ. ಎಲ್ಲ ನಿನ್ನ ಉದ್ದ ತೋಳಿನ ಅಳತೆ.

"ಕಿತ್ತು ಬಿಸಾಕೋ, ಗಿಡ್ಡ! ಅವನನ್ನ ಬ್ಯಾಂಡಿಂದ ಕಳಿಸಿಯಾಯ್ತಲ್ಲ, ಇನ್ನೇನು ಅವನ ಪೂಜೆ?" ಎಂದಳು ಹಾಡುವ ಗ್ಲೆನಿಸ್.

ನನಗೆ ಕೋಲು ಹಿಡಿಯಲು ಕಲಿಸಿದವನು ನೀನು. ಬ್ಯಾಂಡಿನವರು ನಿನ್ನ ಜಾಗಕ್ಕೆ ಕರೆದಾಗ ನಿನ್ನನ್ನು ಒಂದು ಮಾತೂ ಕೇಳದೆ ಹೂಂ ಅಂದವನು ನಾನು.

ಬಾಗಿಲು ತೆರೆಯಲು ಹತ್ತು ನಿಮಿಷವಿದೆ. ಟೇಪು ಕಿತ್ತಿಲ್ಲ, ಡ್ರಮ್ಮುಗಳನ್ನು ನಿನ್ನ ಗುರುತಿನ ಮೇಲೇ ಇಟ್ಟಿದ್ದೇನೆ. ತುದಿಯ ಕಂಚಿನ ತಟ್ಟೆ ನನಗೆ ಎಟುಕುವುದಿಲ್ಲ. ಅದನ್ನು ಬಾರಿಸುವಾಗಲೆಲ್ಲ ನಿನ್ನ ಸ್ಟೂಲು ಬಿಟ್ಟು ಏಳಬೇಕು.

ನೆವಿಲ್