ಗವಿ ಖಾಲಿ ಆತು, ಅಬ್ಬಾ

ಅಬ್ಬಾ,

ನಿಮ್ಮ ಮುಮ್ತಾಜಳ ಸಲಾಂ. ಮನ್ಯಾಗ ಉರ್ದು ಮಾತಾಡಿದ್ರೂ ನನಗ ಬರಿಯಾಕ ಬರೂದು ಕನ್ನಡ ಅಷ್ಟ, ನಿಮಗ ಗೊತ್ತೈತಿ. ಅಮ್ಮಿ ಬಾಜೂಕ ಕುಂತು "ಸಾವಕಾಶ ಬರಿ" ಅನ್ನಾಕ ಹತ್ಯಾಳ. ಹೆಂಗ ಸಾವಕಾಶ ಬರೀಲಿ? ನಮ್ಮ ಗುಡ್ಡದ ಗವಿ ಖಾಲಿ ಆತು ಅಬ್ಬಾ! ತಳಾ ಕಾಣಸ್ತು!

ನಾ ಆರನೇ ಕ್ಲಾಸಿನ್ಯಾಗ ಇದ್ದಾಗಿಂದು ನೆಪ್ಪೈತೇನು? ಸಾಲಿ ಸೂಟಿ ಇದ್ದ ದಿನ ಟೆಂಪೋದಾಗ ನಿಮ್ಮ ಬಾಜೂಕ ಕುಂತು ಮುರಗೋಡ ರಸ್ತಾಗುಂಟ ಬರತಿದ್ದೆ. ಹಿಂದ ಮದವಿ ಮನಿ ಎಂಜಲ ಪತ್ರೋಳಿ, ಖಾನಾವಳಿ ಕಸಾ, ಹಳೇ ಟಾಯರು. ಗವಿ ಬಾಯಿಗೆ ಟೆಂಪೋ ರಿವರ್ಸ್ ತಗೊಂಡು ಎಲ್ಲಾ ಸುರಿದು, "ಗುಡ್ಡದ ಹೊಟ್ಟಿ ದೊಡ್ಡದೈತಿ ಬೇಟಾ" ಅಂದು ನಕ್ಕಿದ್ರಿ. ಆವಾಗ ಊರಾಗ ಕಸಾ ಹಾಕಾಕ ಬ್ಯಾರೆ ಜಾಗಾನಾದ್ರೂ ಎಲ್ಲಿತ್ತು? ಆದ್ರ ನಿಮ್ಮ ಕಡೀ ವರ್ಷ ಗವಿ ಕಡೆ ಹೊಳ್ಳೂ ತಿರುವು ಬಂತಂದ್ರ ನೀವು ಮಾತ ನಿಲ್ಲಿಸಿಬಿಡತಿದ್ರಿ. ಯಾಕ ಅಂತ ನಾ ಕೇಳಲಿಲ್ಲ. ಕೇಳಿದ್ರ ನೀವು...

ನೀವು ತೀರಿಕೊಂಡ ಮ್ಯಾಲೆ ಟೆಂಪೋ ನಾನ ಹೊಡೀತೇನಿ. ಬ್ಯಾಸಗ್ಯಾಗ ಒಂದಿನ ಗಂಗವ್ವ ಅಡ್ಡ ನಿಂತ್ಲು, ಗುಡ್ಡದ ಕೆಳಗ ಹೊಲ ಐತೆಲ್ಲ, ಆಕಿ. "ನನ್ನ ಬಾವಿ ನೀರು ನಾರತೈತಿ. ಎಮ್ಮಿ ಸುದ್ದಾ ಮೂಸಿ ಹೊಳ್ಳತಾವ. ಮಳಿ ಆದ್ರ ಗವಿಯೊಳಗಿನ ಹೊಲಸು ಕಲ್ಲಿನ ಸಂದ್ಯಾಗಿಂದ ಇಳದು ನನಗ ಬರತೈತಿ. ಹಾಕಿದಾಂವ ನಿಮ್ಮಪ್ಪ!"

"ಅವರೊಬ್ರ ಹಾಕಿಲ್ಲ" ಅನ್ನೂದು ನಾಲಿಗಿ ತುದೀಗೆ ಬಂದಿತ್ತು. ನುಂಗಿದೆ. "ಹೌದಬೇ, ಅಬ್ಬಾ ಹಾಕ್ಯಾರ. ನಾ ತಗೀತೇನಿ" ಅಂದೆ.

ಆಕಿ ನನ್ನ ಮಾರಿ ನೋಡಿದ್ಲು. "ಒಬ್ಬಾಕಿ ಏನ್ ತಗೀತಿ ತಂಗಿ? ರವಿವಾರ ನಾನೂ ಬರತೇನಿ, ಬುಟ್ಟಿ ತರತೇನಿ."

ಮದಲನೇ ರವಿವಾರ ನಾವಿಬ್ಬರ. ಎರಡನೇದಕ್ಕ ಆಕಿ ಸೊಸಿ, ಸಾಲಿ ಸರ್, ಗ್ಯಾರೇಜಿನವರು ಬಂದ್ರು. ನಾಕನೇ ರವಿವಾರ ನಾವು ಒಳಗ ಇದ್ದಾಗ ಟ್ರ್ಯಾಕ್ಟರ್ ಸಪ್ಪಳ. ಟ್ರೇಲರ್ ತುಂಬ ಹೊಸಾ ಕಸಾ! ಹೊಡಕೊಂಡ ಬಂದಾವ್ರು ಯಾರ ಹೇಳ್ರಿ? ನಿಮ್ಮ ದೋಸ್ತ ದಸ್ತಗೀರ ಚಾಚಾ. "ಈ ಜಾಗಾ ನನಗ ತೋರಿಸಿದಾವ ನಿನ್ನ ಬಾಪ" ಅಂದ್ರು. ಗಂಗವ್ವ ಬುಟ್ಟಿ ಇಳಿಸಿ, "ತೋರಿಸಿದಾವನ ಮಗಳು ಮಣಕಾಲ ತನಕ ಹೊಲಸಿನ್ಯಾಗ ನಿಂತಾಳ. ಸುರೂದಿದ್ರ ಆಕಿ ಮುಂದ ಸುರಿ" ಅಂದ್ಲು. ಚಾಚಾ ನನ್ನ ಹೊಲಸಾದ ಕಾಲು ನೋಡಿದ್ರು. ಆಮ್ಯಾಲೆ ಇಂಜಿನ್ ಬಂದ್ ಮಾಡಿ ಇಳಿದು, "ಇನ್ನೊಂದು ಸಲಿಕಿ ಐತೇನು?" ಅಂದ್ರು. ಆವತ್ತಿಂದ ಆ ಟ್ರ್ಯಾಕ್ಟರ್ ನಮ್ಮ ಕಡೆ. ತಗದದ್ದೆಲ್ಲಾ ಪಂಚಾಯ್ತಿಯವರು ಈಗ ಕಟ್ಟಿಸಿದ ಕಸದ ಶೆಡ್ಡಿಗೆ ಹ್ವಾತು.

ಗವಿ ಖಾಲಿ ಆದ ಮ್ಯಾಲೆ, ಹ್ವಾದ ವಾರ ಮಳಿ ಆತು. ಮರುದಿನ ಬ್ಯಾಟರಿ ಹಿಡಕೊಂಡು ಹೊಟ್ಟಿ ಮ್ಯಾಲೆ ತೆವಳಿ ಒಳಗ ಹ್ವಾದ್ವಿ. ಹಿಂದಿನ ಬಿರುಕಿನ್ಯಾಗಿಂದ ಹನಿ ಹನಿ ನೀರು, ಕೆಳಗ ಕಲ್ಲಿನ ಗುಂಡ್ಯಾಗ ತಿಳಿಯಾಗಿ ನಿಂತಿತ್ತು! ಬೆರಳು ಮುಳಗಿಸಿದ್ರ ಉಗುರು ಕಾಣಸ್ತಿತ್ತು. ಗಂಗವ್ವ ಕೇಕಿ ಹೊಡದಿದ್ದಕ್ಕ ಬಾವಲಿ ಎಲ್ಲಾ ಎದ್ದು ನಮ್ಮ ತಲಿ ಮ್ಯಾಲ ಹಾರಿದ್ವು. ಬಾವಿ ನೀರು ಪೂರಾ ತಿಳಿ ಆಗಾಕ ಇನ್ನಾ ಒಂದೆರಡು ಮಳಿಗಾಲ ಬೇಕಂತ, ಸಾಲಿ ಸರ್ ಅಂತಾರ. ಆಗಲಿ, ನಾವೇನು ಎಲ್ಲಿ ಹೊಂಟೇವಿ?

ನಿನ್ನೆ ಗ್ರಾಮಸಭಾದಾಗ, ಇನ್ನ ಗವಿಗೆ ಯಾರೂ ಕಸಾ ಹಾಕಬಾರದು ಅಂತ ಠರಾವು ಮಾಡೂದಿತ್ತು. "ಇಷ್ಟ ದಿನ ಹಾಕಿದಾವ್ರು ಯಾರು?" ಅಂತ ಯಾರೋ ಕೇಳಿದ್ರು. ನಾ ಎದ್ದು ನಿಂತು ನಿಮ್ಮ ಹೆಸರು ಹೇಳಿದೆ. ಸಿಟ್ಟಾಗಬ್ಯಾಡ್ರಿ ಅಬ್ಬಾ. ಆಗ ಚಾಚಾ ಎದ್ರು. "ನಾನೂ ಹಾಕೇನಿ." ಖಾನಾವಳಿಯವರು ಕೈ ಎತ್ತಿದ್ರು. ಆಮ್ಯಾಲೆ ಕಿರಾಣಿ ಅಂಗಡಿಯವರು, ಆಮ್ಯಾಲೆ...

ಕಡೀಕ ಯಾರ ಎದ್ರು ಗೊತ್ತೇನು? ಗಂಗವ್ವ! ಸೆರಗು ಸರಿ ಮಾಡಕೊಂಡು, "ಹೊಲಕ್ಕ ಔಷಧ ಹೊಡದ ಬಾಟ್ಲಿ ನಾನೂ ಅಲ್ಲೇ ಒಗದೇನ್ರಿ. ಈಕಿ ಅಪ್ಪನ್ನ ಬೈಯೂ ಮುಂದ ಹೇಳಲಿಲ್ಲ. ಈಗ ಹೇಳತೇನಿ" ಅಂದ್ಲು.

ತಿರುಗಿ ನೋಡಿದ್ರ ಸಭಾ ತುಂಬ ಕೈ, ಅಬ್ಬಾ! ಹಾಕಿದಾವ್ರು ನೀವೊಬ್ರ ಅಲ್ಲ.

ನಿಮ್ಮ,
ಮುಮ್ತಾಜ್