ಸೈಕಲ್ ಬಲ್ಬಿನ ಡಬ್ಬಿ

೯ ಎಪ್ರಿಲ್ ೧೯೭೮, ಶಿರ್ವ
ಇವತ್ತೂ ಎರಡು ಸುಟ್ಟ ಮೋಟಾರು ರಿಪೇರಿಗೆ. ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೂ ಪಂಪು ಓಡುತ್ತದೆ, ಸುಡುತ್ತದೆ. ನಾನು ಕಂಡುಹಿಡಿದ ಡಬ್ಬಿ ಇದ್ದಿದ್ದರೆ ತಾನೇ ಆಫ್ ಮಾಡುತ್ತಿತ್ತು. ಸರಿಯಾದ ರೆಸಿಸ್ಟರ್ ಸಿಗದೆ ಹಳೇ ಸೈಕಲ್ಲಿನ ಬಲ್ಬು ತುರುಕಿದ್ದೇನೆ. ನಾಚಿಕೆ. ಆದರೆ ಕೆಲಸ ಮಾಡುತ್ತದೆ. ಪೇಟೆಂಟ್ ಮಾಡಿಸಬೇಕು. ಇದೊಂದಾದರೂ ನನ್ನ ಹೆಸರಿನಲ್ಲಿರಬೇಕು.

೨ ಮೇ
ನಮ್ಮ ಚರ್ಚಿನ ಹಬ್ಬದ ಸ್ಮರಣ ಸಂಚಿಕೆಗೆ ಲೇಖನ ಬೇಕಂತೆ. ಇಮೆಲ್ಡಾಳದ್ದು ಹಠ. "ಎಲ್ಲರ ಗಂಡಂದಿರ ಫೋಟೋ ಬರ್ತದೆ, ನಿಮ್ಮದು ಮಾತ್ರ ಇಲ್ಲ. ನಿಮ್ಮ ಡಬ್ಬಿಯದ್ದೇ ಬರೆಯಿರಿ." ಬರೆದೆ. ಸರ್ಕ್ಯೂಟಿನ ಚಿತ್ರವನ್ನೂ ಕೊಟ್ಟೆ, ಬಲ್ಬು ಸಮೇತ. ಫೋಟೋಗೆ ಟೈ. ಸೆಕೆಗೆ ಕುತ್ತಿಗೆಯೆಲ್ಲ ತುರಿಕೆ.

೨೧ ಮೇ
ಸಂಚಿಕೆ ಬಂತು. ಪುಟ ೩೪! ಎದುರು ಪುಟದಲ್ಲಿ ಉಡುಪಿಯ ಕರುಣಾಕರನ ಕಾರ್ಖಾನೆಯ ಜಾಹೀರಾತು. ಮಣಿಪಾಲದಲ್ಲಿ ಒಂದೇ ಬೆಂಚಿನಲ್ಲಿ ಎಂಜಿನಿಯರಿಂಗ್ ಓದಿದವರು ನಾವು. ಒಂದು ಪ್ರತಿ ಅವನಿಗೂ ಕೊಟ್ಟು ಬಂದೆ. "ನೀನು ರಿಪೇರಿ ಮಾಡ್ತಾ ಕೂರುವ ಜನ ಅಲ್ಲ ಮಾರಾಯ," ಎಂದ. ಖುಷಿಯಾಯಿತು.

೧೪ ಆಗಸ್ಟ್
ಪೇಟೆಂಟ್ ಅರ್ಜಿ ಮದ್ರಾಸಿಗೆ ಹೋಯಿತು. ರಿಜಿಸ್ಟರ್ಡ್ ಪೋಸ್ಟ್.

೩ ಫೆಬ್ರವರಿ ೧೯೮೧
ಮದ್ರಾಸಿನ ಕಾಗದ. ಕರುಣಾಕರನ ವಕೀಲರ ತಕರಾರಿನ ಮೇಲೆ ಅರ್ಜಿ ವಜಾ. ಅರ್ಜಿಗೆ ಮೊದಲೇ ಅಚ್ಚಾದದ್ದಕ್ಕೆ ಪೇಟೆಂಟ್ ಇಲ್ಲವಂತೆ, ಯಾರು ಬೇಕಾದರೂ ಮಾಡಬಹುದಂತೆ. ಸಾಕ್ಷಿಗೆ ಸಂಚಿಕೆಯ ಪುಟ ೩೪. ನಾನು ಕೊಟ್ಟ ಪ್ರತಿಯೇ. ಮೂಲೆಯಲ್ಲಿ ನನ್ನದೇ ಅಕ್ಷರ: 'ಪ್ರೀತಿಯ ಕರುಣನಿಗೆ'.
ಇಮೆಲ್ಡಾ ಅತ್ತಳು. "ನಾನು ಹೇಳದಿದ್ದರೆ…" ಅವಳದ್ದೇನು ತಪ್ಪು? ಟೈ ಕಟ್ಟಿಕೊಂಡವನು ನಾನು. ಥೂ.

೧೯ ನವೆಂಬರ್ ೧೯೮೩
ಎರಡೂವರೆ ವರ್ಷಕ್ಕೂ ಮೇಲಾಯಿತು, ಏನೂ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ.
ಕುಕ್ಕುಂದೂರಿನ ವಿಠಲ ಶೆಟ್ಟರು ಕೆಟ್ಟ ಡಬ್ಬಿ ತಂದರು. ಕಾರ್ಕಳ ಪೇಟೆಯಲ್ಲಿ ಕೊಂಡದ್ದು, ಮೇಲೆ ಕರುಣಾಕರನ ಹೆಸರು. ಬಿಚ್ಚಿದೆ. ಒಳಗೆ ಸೈಕಲ್ ಬಲ್ಬು! ರೆಸಿಸ್ಟರ್ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಾನು ಬಲ್ಬು ಯಾಕೆ ಹಾಕಿದ್ದೆಂದೇ ಆ ಕಳ್ಳನಿಗೆ ಗೊತ್ತಿಲ್ಲ.
"ಇದರಲ್ಲಿ ಬಲ್ಬು ಎಂತಕ್ಕೆ?" ಎಂದರು ಶೆಟ್ಟರು. "ಉಡುಪಿಯವರದ್ದು ದೊಡ್ಡ ತಲೆ, ಅಲ್ವಾ?"
"ಹೌದು," ಎಂದೆ.
ಬಲ್ಬು ಬದಲಿಸಿದೆ. ಉರಿಯಿತು. ಮುಚ್ಚಳದ ಒಳಬದಿಗೆ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆಯತೊಡಗಿದೆ. ಸ್ಟ್ಯಾನಿಸ್ಲಾಸ್, ಇಡೀ ಹೆಸರು. 'ಸ್ಟ್ಯಾನಿ'ಗೆ ಬರುವಷ್ಟರಲ್ಲಿ ಶೆಟ್ಟರು, "ಬೇಗ ಮುಚ್ಚಿ ಮಾರಾಯ್ರೆ, ಬಸ್ಸು ಹೋಗ್ತದೆ."
ಮುಚ್ಚಿದೆ. ಹೆಸರಿನ ಉಳಿದರ್ಧ—